ಹಿರಿಯರ ಹೆಸರು ಯಾವ ಕಾಗದದಲ್ಲಿದೆ?

(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಗೆ ನೂರು ತುಂಬಿದ ಈ ಹೊತ್ತಿನಲ್ಲಿ ಹಿಂದಿನವರನ್ನು ನೆನೆಯುವುದು ಸಹಜ. ಆದರೆ ನೆನೆಯುವುದಕ್ಕೂ ತಿಳಿಯುವುದಕ್ಕೂ ಅಂತರವಿದೆ. ಅಜ್ಜನ ಅಜ್ಜ ಯಾರು, ಅಜ್ಜಿಯ ತಾಯಿಯ ತವರು ಯಾವುದು, ಅವರು ಯಾರ ಭೂಮಿಯನ್ನು ಯಾವ ಗೇಣಿಗೆ ಮಾಡುತ್ತಿದ್ದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನವಾಗುತ್ತೇವೆ. ಮನೆಯವರ ಬಾಯಿಮಾತು ಮೂರು ತಲೆಮಾರಿನಿಂದಾಚೆ ಮಸುಕಾಗುತ್ತದೆ. ಅಲ್ಲಿಂದ ಹಿಂದಕ್ಕೆ ದಾರಿ ತೋರಬೇಕಾದದ್ದು ಕಾಗದ.

ಈ ಹುಡುಕಾಟವನ್ನು ಧರ್ಮಕಾರ್ಯವೆಂದೇ ಭಾವಿಸಿದವರು ಅಮೆರಿಕದ ಮಾರ್ಮನ್ ಪಂಥದವರು. 1847ರ ಜುಲೈ 24ರಂದು ಅವರ ನಾಯಕ ಬ್ರಿಗಮ್ ಯಂಗ್ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದರು. ಮುಂದಿನ ಎರಡು ದಶಕಗಳಲ್ಲಿ ಸಾವಿರಾರು ಜನ ಎತ್ತಿನ ಬಂಡಿಗಳಲ್ಲಿ ಹೊರಟು, ಕೆಲವರು ಕೈಗಾಡಿಗಳನ್ನು ಎಳೆದುಕೊಂಡು ಅಲ್ಲಿಗೆ ನಡೆದರು. ಯಾವ ತಂಡದಲ್ಲಿ ಯಾರಿದ್ದರೆಂಬುದನ್ನು ಅವರ ಸಂತತಿಯವರು ಹಡಗಿನ ಪಟ್ಟಿ, ದಿನಚರಿ, ಚರ್ಚಿನ ಪುಸ್ತಕಗಳಿಂದ ಇಂದಿಗೂ ಹುಡುಕುತ್ತಾರೆ. 1894ರಲ್ಲಿ ಅವರು ಸ್ಥಾಪಿಸಿದ ವಂಶಾವಳಿ ಸಂಘವು ಕ್ರಮೇಣ ಹಲವು ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿತು. ಹರಿದ್ವಾರದ ಪಂಡಾಗಳ ವಂಶಾವಳಿ ಪುಸ್ತಕಗಳೂ ಅದರಲ್ಲಿ ಸೇರಿವೆ. ಅವರ ನಂಬಿಕೆ ನಮ್ಮದಲ್ಲ. ಆದರೆ ಗೊತ್ತಿರುವ ಹೆಸರಿನಿಂದ ತೊಡಗಿ ಒಂದೊಂದೇ ತಲೆಮಾರಿನಂತೆ ಹಿಂದಕ್ಕೆ ಹೋಗುವ, ಪ್ರತಿ ಹೆಜ್ಜೆಗೂ ದಾಖಲೆ ಕೇಳುವ ಅವರ ಕ್ರಮ ನಮಗೂ ಸಲ್ಲುತ್ತದೆ.

ನಮಗಿರುವ ಮೊದಲ ತೊಡಕು, ನಾವು ಕದಲದಿದ್ದರೂ ನಮ್ಮ ಊರಿನ ಆಡಳಿತ ಕದಲಿದ್ದು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಕಂಪೆನಿಯ ವಶವಾಯಿತು; ತೋಮಸ್ ಮನ್ರೋ ಅದರ ಮೊದಲ ಕಲೆಕ್ಟರರಾದರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು; ಮದ್ರಾಸು ಪ್ರಾಂತ್ಯದಲ್ಲಿ ಉಳಿದ ದಕ್ಷಿಣ ಕನ್ನಡದ ತೆಂಕಣ ತಾಲೂಕು ನಮ್ಮದಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷ ಕಣ್ಣೂರು ಜಿಲ್ಲೆಯ ಭಾಗವಾಗಿ, 1984ರ ಮೇ 24ರಂದು ತಾನೇ ಜಿಲ್ಲೆಯಾಯಿತು. ಆದುದರಿಂದ ಒಂದೇ ಮನೆತನದ ಜಾಡು ಮಂಗಳೂರಿನ ಕಚೇರಿಗಳಲ್ಲಿ, ಚೆನ್ನೈ ಎಗ್ಮೋರಿನ ತಮಿಳುನಾಡು ದಾಖಲಾಲಯದಲ್ಲಿ, ಕಲ್ಲಿಕೋಟೆಯ ಪ್ರಾದೇಶಿಕ ದಾಖಲಾಲಯದಲ್ಲಿ, ಇಲ್ಲಿನ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಅರಸಬೇಕಾಗುತ್ತದೆ. ಹುಡುಕುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ವರ್ಷ ನಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದು.

ಆದರೂ ಆರಂಭ ಮನೆಯ ಪೆಟ್ಟಿಗೆಯಿಂದಲೇ ಆಗಬೇಕು. ಕ್ರಯಪತ್ರ, ಅಡವುಪತ್ರ, ಮೂಲಗೇಣಿ ಚೀಟು, ಚಾಲಗೇಣಿ ಚೀಟು, ಪಾಲುಪಟ್ಟಿ ಇವು ಬರಿಯ ಆಸ್ತಿಯ ಕಾಗದಗಳಲ್ಲ. ತಂದೆಯ ಹೆಸರು, ಮನೆಯ ಹೆಸರು, ನೆರೆಕರೆಯ ಗಡಿ, ಸಾಕ್ಷಿಗಳ ರುಜು ಇವುಗಳಲ್ಲಿರುತ್ತವೆ. ಓದುವಾಗ ಎಚ್ಚರ ಬೇಕು. ‘ರಾಕ್ಷಸ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1855–56 ಆಗಬಹುದು, 1915–16 ಕೂಡ ಆಗಬಹುದು. ಛಾಪಾಕಾಗದದಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರವಿದ್ದರೆ ಸಂಶಯ ಪರಿಹಾರ; ಅವನು ಪಟ್ಟಕ್ಕೆ ಬಂದದ್ದು 1910ರಲ್ಲಿ. ಅರುವತ್ತು ವರ್ಷಗಳ ಈ ವ್ಯತ್ಯಾಸದಲ್ಲಿ ಮೊಮ್ಮಗ ಅಜ್ಜನಾಗಿಬಿಡಬಹುದು.

ಅಳಿಯಸಂತಾನದ ಮನೆತನಗಳಲ್ಲಿ ತಂದೆಯಿಂದ ತಂದೆಗೆ ಹೋಗುವ ವಂಶವೃಕ್ಷ ಹಾದಿ ತಪ್ಪಿಸುತ್ತದೆ. ಅಲ್ಲಿ ಬಳಿ ಬರುವುದು ತಾಯಿಯಿಂದ. ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯ ಬಳಿಕ ಆದ ಪಾಲುಪಟ್ಟಿಗಳಲ್ಲಿ ಮೂಲಸ್ತ್ರೀಯಿಂದ ತೊಡಗಿ ಕವರುಗಳ ವಿವರ ಸಿಗಬಹುದು. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ದೀಕ್ಷಾಸ್ನಾನ ಹಾಗೂ ವಿವಾಹದ ಪುಸ್ತಕಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಉಳಿದಿವೆ.

ಊರಿನ ಹಿನ್ನೆಲೆಯನ್ನು ಗ್ರಂಥಾಲಯ ಒದಗಿಸುತ್ತದೆ. 1801ರಲ್ಲಿ ಬೇಕಲ, ಕುಂಬಳೆಗಳ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೆಳೆ, ಭೂಮಿ, ಜನಜೀವನವನ್ನು ಬರೆದಿಟ್ಟ. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. 1894ರಲ್ಲಿ ಸ್ಟರಕ್ ಬರೆದ ದಕ್ಷಿಣ ಕನ್ನಡದ ಕೈಪಿಡಿಯಿದೆ. ಮಂಜೇಶ್ವರದಲ್ಲಿ ಕುಳಿತೇ ಹಲವು ಭಾಷೆಗಳ ಆಕರಗಳನ್ನು ಜಾಲಾಡಿ ಕಾಲನಿರ್ಣಯ ಮಾಡುತ್ತಿದ್ದ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರ ಉಡುಪಿಯಲ್ಲಿದೆ. ಆಧಾರವಿಲ್ಲದ ಹೆಮ್ಮೆಗೆ ಸಂಶೋಧನೆಯಲ್ಲಿ ಸ್ಥಾನವಿಲ್ಲವೆಂಬುದಕ್ಕೆ ಅವರಿಗಿಂತ ದೊಡ್ಡ ಮಾದರಿ ನಮಗೆ ಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಭೂಮಿ ಇದ್ದವರ, ಗೇಣಿಚೀಟಿನಲ್ಲಿ ಹೆಸರು ಬಂದವರ ಮಾತು. ಅನ್ಯರ ಗದ್ದೆಯಲ್ಲಿ ನಟ್ಟು ಕೊಯ್ದವರ ಹೆಸರು ಪಟ್ಟೆಯಲ್ಲಿಲ್ಲ, ಪಾಲುಪಟ್ಟಿಯಲ್ಲಿಲ್ಲ. ಬಾಯಿಮಾತಿನ ಚೀಟಿಲ್ಲದ ಗೇಣಿಯವರಲ್ಲಿ ಅನೇಕರಿಗೆ ಮೊದಲ ಭೂದಾಖಲೆ ದೊರೆತದ್ದು 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಬಳಿಕ. ಅದಕ್ಕೂ ಹಿಂದೆ ಅಂತಹ ಮನೆಯ ಮಗುವಿನ ಹೆಸರು, ಹೆತ್ತವರ ಹೆಸರು, ಮನೆಯ ಗುರುತು ಒಂದು ಸಾಲಿನಲ್ಲಿ ಬರೆಯಲ್ಪಟ್ಟ ಜಾಗ ಯಾವುದು? ಬಹಳ ಸಲ ಅದು ಶಾಲೆಯ ದಾಖಲಾತಿ ಪುಸ್ತಕ. ಕಪಾಟಿನಲ್ಲಿರುವ ಆ ಪುಸ್ತಕ ನಮಗೆ ವರ್ಗಾವಣೆ ಪತ್ರಕ್ಕೆ ಬೇಕಾಗುವ ಕಡತವಾಗಿ ಕಾಣುತ್ತದೆ. ಎಷ್ಟೋ ಕುಟುಂಬಗಳಿಗೆ ಅದೇ ಮೊದಲ ಶಾಸನ. ಗೆದ್ದಲಿಗೂ ಮಳೆಗಾಲದ ತೇವಕ್ಕೂ ಈ ಮಹತ್ವ ತಿಳಿಯದು.

ಇನ್ನೊಂದು ಮಾತು. ಆ ಪುಸ್ತಕವೂ ಮನೆಯ ಪೆಟ್ಟಿಗೆಯ ಕಾಗದಗಳೂ ಬಹುಮಟ್ಟಿಗೆ ಕನ್ನಡದಲ್ಲಿವೆ. ತುಳು, ಕೊಂಕಣಿ, ಮರಾಠಿ, ಮಲೆಯಾಳ ಯಾವುದನ್ನು ಮನೆಯಲ್ಲಾಡಿದರೂ ಇಲ್ಲಿಯ ಜನ ಲೆಕ್ಕಪತ್ರ ಬರೆದದ್ದು ಹೆಚ್ಚಾಗಿ ಕನ್ನಡ ಅಕ್ಷರದಲ್ಲಿ. ಕನ್ನಡ ಓದಲಾರದ ಮೊಮ್ಮಗನಿಗೆ ತನ್ನ ಮನೆಯ ಆಧಾರವನ್ನೇ ಬೇರೆಯವರಿಂದ ಓದಿಸಿಕೊಳ್ಳುವ ಸ್ಥಿತಿ ಬರುತ್ತದೆ. ಕನ್ನಡ ಮಾಧ್ಯಮ ಶಾಲೆ ಏಕೆ ಬೇಕೆಂದು ಕೇಳುವವರಿಗೆ ಭಾವುಕ ಉತ್ತರಗಳು ಹಲವಿವೆ. ಇದು ವ್ಯಾವಹಾರಿಕ ಉತ್ತರ.

ಆದುದರಿಂದ ಈ ಸಭೆಯ ಮುಂದೆ ಮೂರು ಬಿನ್ನಹಗಳು. ಮೊದಲನೆಯದು, ನೂರು ವರ್ಷದ ದಾಖಲಾತಿ ಪುಸ್ತಕಗಳ ಪ್ರತಿ ಪುಟವನ್ನೂ ಛಾಯಾಚಿತ್ರವಾಗಿಸಿ ಎರಡು ಕಡೆ ಕಾಪಿಡೋಣ. ಜಾತಿ, ಜನ್ಮದಿನಗಳಂತಹ ವಿವರಗಳು ಆಯಾ ಕುಟುಂಬದವರಿಗಷ್ಟೇ ದೊರೆಯಲಿ. ಎರಡನೆಯದು, ಹಳೆಯ ಕೈಬರಹ ಓದಬಲ್ಲ ಹಿರಿಯರು ತಿಂಗಳಿಗೊಂದು ದಿನ ಮಕ್ಕಳ ಜತೆ ಕುಳಿತುಕೊಳ್ಳಲಿ. ಮೂರನೆಯದು, ಪ್ರತಿ ವಿದ್ಯಾರ್ಥಿಯೂ ಮನೆಯ ಅತ್ಯಂತ ಹಿರಿಯರಿಂದ ನಾಲ್ಕು ತಲೆಮಾರಿನ ಹೆಸರುಗಳನ್ನು, ಹೆಂಗಸರ ಹೆಸರನ್ನು ಬಿಡದೆ, ಬರೆದು ತರಲಿ. ಕಾಗದ ಮುಂದಿನ ವರ್ಷವೂ ಸಿಗಬಹುದು. ಹೇಳುವ ಅಜ್ಜಿ ಆಗ ಇರುವರೆಂಬ ಭರವಸೆಯಿಲ್ಲ.

ಹುಡುಕಿದಾಗ ಸಿಗುವುದೆಲ್ಲ ಕೀರ್ತಿಯ ಕತೆಯಾಗಿರದು. ಸಾಲ, ವ್ಯಾಜ್ಯ, ಇನ್ನೊಬ್ಬರ ದುಡಿಮೆಯನ್ನು ಉಂಡ ಲೆಕ್ಕವೂ ಸಿಕ್ಕೀತು. ಅದನ್ನೂ ಇದ್ದಂತೆಯೇ ಬರೆದಿಡುವ ಧೈರ್ಯ ನಮಗಿರಲಿ.