ನಿವೇಶನ ಖರೀದಿ ಮತ್ತು ಸಂಗಾತಿಯ ಹಿಂಜರಿಕೆ

ಬೆಂಗಳೂರಿನ ಹೊರವಲಯದಲ್ಲಿ ನಿವೇಶನ ಕೊಳ್ಳಬೇಕೆಂದು ದಂಪತಿಗಳಲ್ಲಿ ಒಬ್ಬರು ಹೊರಟಾಗ ಇನ್ನೊಬ್ಬರು ಹಿಂದೇಟು ಹಾಕಿದರೆ, ಅದನ್ನು ಅಂಜುಬುರುಕುತನವೆಂದೋ ವ್ಯವಹಾರಜ್ಞಾನದ ಕೊರತೆಯೆಂದೋ ತಳ್ಳಿಹಾಕುವುದುಂಟು. ಆದರೆ ಆ ಹಿಂಜರಿಕೆಯೊಳಗೆ ಕುಟುಂಬದ ಉಳಿತಾಯದ ಬಗೆಗಿನ ನಿಜವಾದ ಕಾಳಜಿಯಿರುವುದರಿಂದ, ಬೆಲೆ ನಾಳೆ ಏರಿಬಿಡುತ್ತದೆ ಎಂಬ ಅವಸರದ ಮಾತಿಗಿಂತ ದಾಖಲೆಗಳ ಮೂಲಕ ಅದಕ್ಕೆ ಉತ್ತರ ಕೊಡುವುದು ಉಚಿತ.

ಕೃಷಿ ಜಮೀನನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಭೂಪರಿವರ್ತನೆ ಮಾಡಿಸದೆ, ಅಂದರೆ ವಸತಿಗೆ ಬಳಸಲು ಅನುಮತಿ ಪಡೆಯದೆ, ಬಡಾವಣೆಯ ನಕ್ಷೆಗೂ ಅನುಮೋದನೆಯಿಲ್ಲದೆ ತುಂಡುಮಾಡಿ ಮಾರುವ ಜಾಗವನ್ನು ಜನ ರೆವಿನ್ಯೂ ಸೈಟು ಎನ್ನುತ್ತಾರೆ. ಇಂತಹ ಜಾಗಕ್ಕೆ ಸಾಲ ಕೊಡಲು ಬ್ಯಾಂಕುಗಳೂ ಹಿಂಜರಿಯುತ್ತವೆ. ಅವು ಕೇಳುವ ಪ್ರಶ್ನೆಯನ್ನೇ ಮನೆಯವರು ಕೇಳಿದಾಗ ಮಾತ್ರ ಅದು ಅಡ್ಡಿಯೆಂದು ತೋರುವುದು ಸರಿಯಲ್ಲ. ಇಸಿ ಎಂದು ಕರೆಯಲಾಗುವ ಋಣಭಾರ ಪ್ರಮಾಣಪತ್ರವು ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತಿಳಿಸುತ್ತದೆಯಾದರೂ, ನೋಂದಣಿಯಾಗದ ಕರಾರುಗಳು ಅದರಲ್ಲಿ ಕಾಣಿಸುವುದಿಲ್ಲವಾದ್ದರಿಂದ ಮೂಲ ಕ್ರಯಪತ್ರಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು. ರೇರಾ ಎಂದು ಪ್ರಸಿದ್ಧವಾದ 2016ರ ಕಾಯ್ದೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಯೋಜನೆಗಳಲ್ಲಿ ನೋಂದಾಯಿತ ಮಾರಾಟ ಕರಾರಿಗೆ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು.

ಸಾಲದ ಲೆಕ್ಕವನ್ನೂ ಮುಚ್ಚಿಡಬಾರದು. ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 30 ಲಕ್ಷ ರೂಪಾಯಿ ಪಡೆದರೆ ತಿಂಗಳ ಕಂತು ಸುಮಾರು 26,000 ರೂಪಾಯಿಯಾಗಿ, ಒಟ್ಟು ಮರುಪಾವತಿ 62 ಲಕ್ಷವನ್ನು ದಾಟುತ್ತದೆ. ಮಕ್ಕಳ ಶಾಲಾ ಶುಲ್ಕ, ಹಿರಿಯರ ಔಷಧಿಗಳ ನಡುವೆ ಈ ಕಂತನ್ನು ಹೊಂದಿಸಬೇಕಾದವರು ಬೇಡವೆಂದರೆ ಆ ಮಾತಿಗೆ ತೂಕವಿದೆ.

ಎಲ್ಲಕ್ಕಿಂತ ಗಂಭೀರವಾದುದು ಹೆಸರಿನ ಪ್ರಶ್ನೆ. ವಿವಾಹಾನಂತರ ಕೊಂಡ ಆಸ್ತಿ ತಾನಾಗಿಯೇ ಇಬ್ಬರದಾಗುತ್ತದೆ ಎಂಬ ನಿಯಮ ಕರ್ನಾಟಕದಲ್ಲಿ ಅನ್ವಯಿಸುವ ಕಾನೂನಿನಲ್ಲಿಲ್ಲ. ಪತ್ನಿಯನ್ನು ಸಹಸಾಲಗಾರಳನ್ನಾಗಿ ಮಾಡಿ, ಆಕೆಯ ಒಡವೆಯನ್ನೂ ಅಡವಿಟ್ಟು, ಕ್ರಯಪತ್ರವನ್ನು ಪತಿಯೊಬ್ಬನ ಹೆಸರಿಗೆ ಬರೆಸಿದಾಗ, ಸಾಲ ತೀರಿಸುವ ಹೊಣೆ ಇಬ್ಬರಿಗೂ ಬಂದು ಒಡೆತನ ಮಾತ್ರ ಒಬ್ಬನದಾಗುತ್ತದೆ, ಇದು ಅನ್ಯಾಯ. ಒಪ್ಪಿಗೆ ಕೇಳುವವನು ನೋಂದಣಿಗೆ ಮೊದಲೇ ಜಂಟಿ ಹೆಸರಿನ ಕರಡು ಕ್ರಯಪತ್ರವನ್ನು ಆಕೆಯ ಕೈಗಿತ್ತು, ಅದನ್ನು ಓದಿ ತನಗೆ ಬೇಕಾದವರಲ್ಲಿ ವಿಚಾರಿಸಲು ಸಮಯ ಕೊಡಬೇಕು. ಆಮೇಲೂ ಆಕೆ ಬೇಡವೆಂದರೆ ಮುಂಗಡ ಕೊಡದೆ ನಿಲ್ಲಬೇಕು.