ಅಪ್ಪಾ ಎಂದು ಕರೆದವನು



ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಬಂದಿಳಿದು, ನಿಜಾಮರ ಸೈನ್ಯದಲ್ಲಿ ಅಧಿಕಾರಿಯಾದವರು. 1841ರಲ್ಲಿ ಬ್ರಿಟಿಷರು ಅವರನ್ನು ಸುರಪುರಕ್ಕೆ ಕಳಿಸಿದರು. ಬೇಡ ನಾಯಕರ ಆ ಸಂಸ್ಥಾನದ ವಾರಸುದಾರ ವೆಂಕಟಪ್ಪ ನಾಯಕ ಆಗಿನ್ನೂ ಎಳೆಯ ಹುಡುಗ. ತಂದೆಯಿಲ್ಲದ ಆತ ಟೇಲರ್‌ರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಟೇಲರ್ ಕೆಟ್ಟ ಅಧಿಕಾರಿಯಲ್ಲ. ಕೆರೆ ಕಟ್ಟಿಸಿದರು, ಕಂದಾಯ ಸರಿಪಡಿಸಿದರು, ಹುಡುಗನ ಓದಿನ ಕಾಳಜಿ ಮಾಡಿದರು. 1853ರಲ್ಲಿ ಅಧಿಕಾರವನ್ನು ತರುಣ ದೊರೆಗೆ ಒಪ್ಪಿಸಿ ಹೊರಟರು.

ಐದು ವರ್ಷ ಕಳೆಯುವುದರೊಳಗೆ ಆ ಹುಡುಗ ಬ್ರಿಟಿಷರ ಮೇಲೆ ಕತ್ತಿ ಎತ್ತಿದ. 1858ರ ಫೆಬ್ರವರಿಯಲ್ಲಿ ಸುರಪುರ ಬಿತ್ತು. ಹೈದರಾಬಾದಿಗೆ ಹೋದವನು ಸೆರೆ ಸಿಕ್ಕ. ಅವನನ್ನು ಕಾಣಲು ಟೇಲರ್ ಸೆರೆಮನೆಗೆ ಹೋದರು. ದೊರೆ ಅವರನ್ನು ತಬ್ಬಿಕೊಂಡು ಅತ್ತ. ನಿನ್ನನ್ನು ದಂಗೆಗೆ ಹಚ್ಚಿದವರು ಯಾರು, ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರಿಗೆ ಹೇಳಿಬಿಡು, ಜೀವ ಉಳಿದೀತು ಎಂಬುದು ಟೇಲರ್ ತಂದ ಮಾತು. ಅತ್ತ ಹುಡುಗ ಅಲ್ಲಿ ಗಟ್ಟಿಯಾದ. ಯಾರ ಹೆಸರನ್ನೂ ಹೇಳಲಾರೆ ಎಂದ. ಗಲ್ಲಿಗೆ ಮಾತ್ರ ಹಾಕಿಸಬೇಡ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿಸು ಎಂದು ಕೇಳಿಕೊಂಡ. ಇದನ್ನೆಲ್ಲ ಟೇಲರ್ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಮರೆಮಾಚಬಹುದಿತ್ತು, ಮಾಚಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ಆದರೂ ಆ ಕೋಣೆಯ ಮಾತು ನನ್ನನ್ನು ಬಿಡುವುದಿಲ್ಲ. ಮಗನೆಂದು ಸಾಕಿದವನ ಎದುರು ನಿಂತಾಗಲೂ ಟೇಲರ್ ಬಾಯಲ್ಲಿ ಬಂದದ್ದು ಸರಕಾರದ ಪ್ರಶ್ನೆ. ಅವರ ಮಮತೆ ಸುಳ್ಳಲ್ಲ. ತಾನು ಸೇವೆ ಮಾಡುತ್ತಿರುವ ಆಳ್ವಿಕೆಗೆ ಈ ನೆಲದ ಮೇಲೆ ಹಕ್ಕೇನು ಎಂದು ಮಾತ್ರ ಆ ಒಳ್ಳೆಯ ಮನುಷ್ಯ ಕೇಳಿಕೊಳ್ಳಲಿಲ್ಲ. ಸಂಬಳ ಕೊಡುವ ಕೈ ತಪ್ಪು ಮಾಡುವಾಗ ನಾವು ನಮ್ಮ ಸಜ್ಜನಿಕೆಯನ್ನು ನೆನೆದು ಸಮಾಧಾನಪಡುವುದಿಲ್ಲವೇ? ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ದಿನಾ ನಡೆಯುವ ಮಾತಿದು.

ವೆಂಕಟಪ್ಪನಿಗೆ ವಿಧಿಸಿದ್ದ ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ಆತ ತೀರಿಕೊಂಡ. ಆ ಹೊತ್ತಿಗೆ ಟೇಲರ್ ಮತ್ತೆ ಸುರಪುರದ ಆಡಳಿತಕ್ಕೆ ಬಂದಿದ್ದರು. ಎರಡು ವರ್ಷಗಳ ನಂತರ, 1860ರಲ್ಲಿ, ದಂಗೆಯ ಕಾಲದಲ್ಲಿ ತಮ್ಮ ಪಕ್ಷ ಬಿಡದ ನಿಜಾಮರಿಗೆ ಬ್ರಿಟಿಷರು ಸುರಪುರವನ್ನು ಬಿಟ್ಟುಕೊಟ್ಟರು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.