ಹಿಮ್ಮಡಿಯ ಒಂದು ಹನಿ ರಕ್ತ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ಅಂಜಿಕೆಯಾಯಿತು. ನಾನು ಬಿ.ಕಾಂ. ಓದಿ ಶಂಶಾಬಾದಿನ ಬ್ಯಾಂಕೊಂದರಲ್ಲಿ ಲೆಕ್ಕ ಬರೆಯುವವನು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ನನ್ನ ಅಕ್ಕನ ಮನೆಯ ತೊಟ್ಟಿಲು.

ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೆ. ಮೊದಲ ಮಗು ಹುಟ್ಟುವಾಗ ಗುಂಡುಗುಂಡಾಗಿತ್ತು. ನಾಲ್ಕನೆಯ ದಿನ ಹಾಲು ಬಿಟ್ಟಿತು. ಹನ್ನೊಂದನೆಯ ದಿನ ತೀರಿಕೊಂಡಿತು. ಮಗುವಿನ ಬಟ್ಟೆಯಲ್ಲಿ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತೆಂದು ಅಮ್ಮ ಹೇಳಿದಳು. ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಕೆಲವರು ದೃಷ್ಟಿಯೆಂದರು, ಕೆಲವರು ಗ್ರಹಚಾರವೆಂದರು.

ಎರಡನೆಯ ಹೆರಿಗೆಯಲ್ಲಿ ವೈದ್ಯರೊಬ್ಬರು ಈ ಕಥೆಯನ್ನು ಕೇಳಿ, ಎರಡನೆಯ ದಿನವೇ ಮಗುವಿನ ಹಿಮ್ಮಡಿ ಚುಚ್ಚಿ, ಕೆಲವು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳುಹಿಸಿದರು. ಲ್ಯೂಸಿನ್ ಎಂಬ ಅಮೈನೊ ಆಮ್ಲ ವಿಪರೀತ ಹೆಚ್ಚಾಗಿದೆಯೆಂದು ವರದಿ ಬಂತು. ಅದನ್ನು ಅಳೆದದ್ದು ಮಾಸ್ ಸ್ಪೆಕ್ಟ್ರೋಮೀಟರ್, ಎಂದರೆ ಅಣುಗಳನ್ನು ತೂಗುವ ಯಂತ್ರ.

ಈ ತಕ್ಕಡಿಗೆ ತಟ್ಟೆಯಿಲ್ಲ. ಅಣುವಿಗೆ ವಿದ್ಯುತ್ತನ್ನು ಹೊರಿಸಿ, ವಿದ್ಯುತ್ ಬಲದಿಂದ ಓಡಿಸಿ, ಹಗುರವಾದದ್ದನ್ನೂ ಭಾರವಾದದ್ದನ್ನೂ ಬೇರ್ಪಡಿಸುತ್ತದೆ. ಒಡೆದ ಅಣುವಿನ ಚೂರುಗಳನ್ನು ತೂಗಿ ಇಡೀ ಅಣುವಿನ ರಚನೆಯನ್ನು ತಿಳಿಯುವ ವಿದ್ಯೆ 1950ರ ದಶಕದಲ್ಲಿ ಬೆಳೆಯಿತು. ಕ್ಲಾವುಸ್ ಬೀಮಾನ್ ಎಂಬ ಅಮೆರಿಕದ ವಿಜ್ಞಾನಿ 1959ರಲ್ಲಿಯೇ ಪೆಪ್ಟೈಡುಗಳನ್ನು ಹೀಗೆ ಪರೀಕ್ಷಿಸಿದರು. 1990ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮಿಲ್ಲಿಂಗ್ಟನ್ ಮತ್ತು ಸಂಗಡಿಗರು ಈ ವಿದ್ಯೆಯನ್ನು ನವಜಾತ ಶಿಶುಗಳ ರಕ್ತಪರೀಕ್ಷೆಗೆ ತಂದರು.

ಲೆಕ್ಕ ಹೀಗಿದೆ. ಹೈಡ್ರೊಜನ್ ಪರಮಾಣುವಿನ ತೂಕ ಒಂದು ಎಂದು ಹಿಡಿದರೆ ಲ್ಯೂಸಿನಿನ ತೂಕ 131. ಅದಕ್ಕೆ ಬ್ಯುಟನಾಲ್ ಕೂಡಿಸಿ ವಿದ್ಯುತ್ ಹೊರಿಸಿದಾಗ 188 ಆಗುತ್ತದೆ. ಯಂತ್ರದ ಮೊದಲ ಭಾಗ 188ನ್ನು ಆರಿಸುತ್ತದೆ. ನಡುವೆ ಅದು ಅನಿಲಕ್ಕೆ ಡಿಕ್ಕಿ ಹೊಡೆದು ಒಡೆಯುತ್ತದೆ. ಕೊನೆಯ ಭಾಗ ಉಳಿದ 86ನ್ನು ಎಣಿಸುತ್ತದೆ. ಕಳೆದುಹೋದದ್ದು 102. ಬಹುಪಾಲು ಅಮೈನೊ ಆಮ್ಲಗಳು ಹೀಗೆ 102ನ್ನೇ ಕಳೆದುಕೊಳ್ಳುತ್ತವೆ. ಎಲ್ಲ ಚೆಕ್ಕುಗಳಿಂದಲೂ ಒಂದೇ ಕಮಿಷನ್ ಮುರಿದುಕೊಂಡರೆ ಯಾವ ಖಾತೆ ಯಾವುದೆಂದು ತಾಳೆ ನೋಡಲು ಗುಮಾಸ್ತನಿಗೆಷ್ಟು ಸುಲಭ! ಕೆಲವೇ ನಿಮಿಷಗಳಲ್ಲಿ ಹತ್ತಾರು ರೋಗಗಳ ಸುಳಿವು ಒಟ್ಟಿಗೆ ಸಿಕ್ಕುತ್ತದೆ. ಆದರೆ ಲ್ಯೂಸಿನ್, ಐಸೊಲ್ಯೂಸಿನ್ ಎರಡರ ತೂಕವೂ ಒಂದೇ. ಆದ್ದರಿಂದ ಸುಳಿವು ಸಿಕ್ಕ ಮೇಲೆ ಇನ್ನೊಂದು ಪರೀಕ್ಷೆ ಅಗತ್ಯ. ನಮ್ಮ ಮಗುವಿಗೂ ಮಾಡಿಸಿದರು. ರೋಗ ಖಚಿತವಾಯಿತು. ಅದೇ ದಿನದಿಂದ ಲ್ಯೂಸಿನ್ ಇಲ್ಲದ ಹಾಲಿನ ಪುಡಿ, ಅಳತೆಯ ಆಹಾರ ಮೊದಲಾಯಿತು.

ಇದು ತಂದೆತಾಯಿ ಇಬ್ಬರೂ ತಿಳಿಯದೆ ಹೊತ್ತು ತರುವ ದೋಷ. ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಲ್ಲಿಯೂ ಅದೇ ದೋಷ ಇರುವ ಸಂಭವ ಹೆಚ್ಚು. ಇದು ನಮ್ಮ ನಾಡಿಗೆ ಹೊಸ ಸುದ್ದಿಯಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾರಮಾ ದೇವಿ ಮೊದಲಾದವರು ಕರ್ನಾಟಕದ ಒಂದು ಲಕ್ಷಕ್ಕೂ ಮಿಕ್ಕ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಆಗಿನ್ನೂ ಈ ಯಂತ್ರದ ಪದ್ಧತಿ ಬಂದಿರಲಿಲ್ಲ. ಅವರು ನೋಡಿದ ಶಿಶುಗಳಲ್ಲಿ ಸುಮಾರು ಮೂರರಲ್ಲೊಂದು ರಕ್ತಸಂಬಂಧದ ಮದುವೆಯಿಂದ ಹುಟ್ಟಿದ್ದು.

ನಾವು ಊರು ಬಿಟ್ಟು ಹೈದರಾಬಾದಿಗೆ ಬಂದೆವು. ಭಾಷೆಯನ್ನು ತಂದೆವು, ಹಬ್ಬಗಳನ್ನು ತಂದೆವು, ಸೋದರ ಸಂಬಂಧವನ್ನೂ ತಂದೆವು. ಅದನ್ನು ಹಳಿಯಲು ನಾನು ನಿಂತಿಲ್ಲ. ನನ್ನ ಅಕ್ಕಭಾವಂದಿರಷ್ಟು ಅನ್ಯೋನ್ಯವಾದ ದಂಪತಿಗಳನ್ನು ನಾನು ಕಂಡಿಲ್ಲ. ನನ್ನ ಅರಿಕೆ ಇಷ್ಟೆ. ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳಲ್ಲಿಯೂ ತಾವಾಗಿ ಮಾಡುವುದಿಲ್ಲ, ನಾವು ಕೇಳಬೇಕು. ಹೆರಿಗೆಗೆ ಮೊದಲೇ ಕೇಳಿರಿ. ಎರಡು ಮೂರು ದಿನಗಳೊಳಗೆ ಮಾಡಿಸಿರಿ. ಮನೆಯಲ್ಲಿ ಹಿಂದೆ ಮಗು ಹೋಗಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿರಿ.

ಅಕ್ಕನ ಮಗಳು ಈಗ ಒಂದನೆಯ ತರಗತಿಯಲ್ಲಿದ್ದಾಳೆ. ಇಂದು ನಾಡಗೀತೆ ಹಾಡಿದ ಮಕ್ಕಳ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು ಅವಳೇ. ಸಭೆಯ ಕೊನೆಯಲ್ಲಿ ಹಂಚುವ ಸಿಹಿಯನ್ನು ಅವಳು ತೂಗಿಸಿಯೇ ತಿನ್ನಬೇಕು. ಅವಳ ಅಣ್ಣನ ಹೆಸರಿಡುವ ದಿನ ಬರಲೇ ಇಲ್ಲ.

 ಸಿರಿಗನ್ನಡಂ ಗೆಲ್ಗೆ.